ಅರ್ಧ ದಂಡದ ಆಫರ್‌ಗೆ ಕಾಯುವವರು

"ಸಾರ್, ಈಗ್ಲೇ ಕಟ್ಟಿಬಿಡ್ಲಾ, ಇಲ್ಲಾ ಆಫರ್ ಬರೋವರೆಗೂ ಕಾಯ್ಲಾ?"

ಟ್ರಾಫಿಕ್ ಕೇಸು ಹಿಡಿದುಕೊಂಡು ನನ್ನ ಬಳಿ ಬರುವವರು ಈಚೆಗೆ ಮೊದಲು ಕೇಳುವುದೇ ಇದನ್ನು. ಕೇಸು ಸರಿಯೋ ತಪ್ಪೋ ಅನ್ನೋದು ಆಮೇಲಿನ ಮಾತು. ವಕೀಲನಾಗಿ ನಾನು ಕಟ್ಟಿ ಎಂದೇ ಹೇಳುತ್ತೇನೆ. ಆದರೆ ಅವರ ಲೆಕ್ಕಾಚಾರ ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ಇ-ಚಲನ್‌ಗಳಿಗೆ ಶೇ 50 ರಿಯಾಯಿತಿ ಕೊಟ್ಟರು. ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಜಾಸ್ತಿ ಬಂತು. ಅದೇ ವರ್ಷ ಮತ್ತೆ ಕೊಟ್ಟರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ ಕೊಟ್ಟರು. ಇಷ್ಟಾದ ಮೇಲೆ ಜನ ಕಾಯದೆ ಇರುತ್ತಾರಾ?

ಕೋರ್ಟಿನ ಮೇಲಿನ ಹೊರೆ ಇಳಿಯಿತು, ಬೊಕ್ಕಸಕ್ಕೆ ದುಡ್ಡು ಬಂತು, ಇದನ್ನು ಇಲ್ಲ ಎನ್ನುವುದಿಲ್ಲ. ಆದರೆ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ಅಲ್ಲೇ 500 ರೂಪಾಯಿ ಕಟ್ಟಿ ಹೋದವನ ಕಡೆಯಿಂದ ನೋಡಿ. ಅವನು ಪೂರ್ತಿ ಕಟ್ಟಿದ. ಇಪ್ಪತ್ತು ಸಲ ಸಿಗ್ನಲ್ ಹಾರಿ, ಬಂದ ಮೆಸೇಜನ್ನೆಲ್ಲ ಡಿಲೀಟ್ ಮಾಡಿ ಕೂತವನು ಅರ್ಧ ಕಟ್ಟಿದ. ದಂಡ ಜಾಸ್ತಿಯಾಯ್ತು ಎಂದು ಗೊಣಗುವವರನ್ನು ಬೇಕಾದಷ್ಟು ನೋಡಿದ್ದೇನೆ. ನಿಜವಾಗಿ ಸಿಟ್ಟಾಗುವುದು ಮಾತ್ರ ಪಕ್ಕದವನಿಗೆ ಕಡಿಮೆಯಾಯ್ತು ಎಂದು ಗೊತ್ತಾದಾಗ.

ಮೊತ್ತದ ಕಥೆಯೂ ಹೀಗೇ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ಹೆಲ್ಮೆಟ್ ಇಲ್ಲದಿದ್ದರೆ 1,000 ರೂಪಾಯಿ ಎಂದಿದೆ. ಕೋರ್ಟಿಗೆ ಹೋಗದೆ ಕಟ್ಟಿ ಮುಗಿಸುವ ಮೊತ್ತ ಎಷ್ಟು ಎಂದು ಗೊತ್ತುಮಾಡುವ ಅಧಿಕಾರ ಮಾತ್ರ ಸೆಕ್ಷನ್ 200ರಲ್ಲಿ ರಾಜ್ಯಗಳಿಗಿದೆ. ಕರ್ನಾಟಕ ಅದೇ ತಿಂಗಳು 500ಕ್ಕೆ ಇಳಿಸಿತು. ಗುಜರಾತೂ 500ಕ್ಕೆ ತಂದಿತು. ತಮಿಳುನಾಡು 2022ರಲ್ಲಿ 1,000 ಮಾಡಿತು. ಅಂದರೆ ಅತ್ತಿಬೆಲೆ ದಾಟಿ ಹೊಸೂರಿಗೆ ಕಾಲಿಟ್ಟರೆ ಅದೇ ಬರಿ ತಲೆಯ ಬೆಲೆ ಎರಡರಷ್ಟು. ರಾಜ್ಯದಿಂದ ರಾಜ್ಯಕ್ಕೆ ಈ ವ್ಯತ್ಯಾಸ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಒಂದೇ ಊರಲ್ಲಿ, ಒಂದೇ ತಪ್ಪಿಗೆ, ಕಟ್ಟಿದ ತಾರೀಖು ನೋಡಿ ಬೆಲೆ ಬದಲಾಗುವುದು ಕಾಡುತ್ತದೆ.

ಇದಕ್ಕೆ ಉಲ್ಟಾ ಇರುವ ತೊಂದರೆಯೂ ಒಂದಿದೆ. ಬೇರೆ ಬೇರೆ ತಪ್ಪನ್ನು ಒಂದೇ ತಕ್ಕಡಿಯಲ್ಲಿ ತೂಗುವುದು. ಕುಡಿದು ಗಾಡಿ ಓಡಿಸಿದ ಕೇಸು ತಗೊಳ್ಳಿ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯದ ಅಂಶ 30 ಮಿಲಿಗ್ರಾಂ ಮೀರಿದರೆ ಸೆಕ್ಷನ್ 185. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೀಟರ್ 35 ತೋರಿಸಿದರೂ ಇದೇ, 250 ತೋರಿಸಿದರೂ ಇದೇ. ಎಷ್ಟು ಮೀರಿದರೆ ಎಷ್ಟು ಶಿಕ್ಷೆ ಎನ್ನುವ ಮೆಟ್ಟಿಲು ಆ ಸೆಕ್ಷನ್ನಿನಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಒಂದು ಪಟ್ಟಿ ಇರುತ್ತದೆ. ಅಲ್ಲಿ ಅಳೆಯುವುದು ಉಸಿರಿನಲ್ಲಿರುವ ಮದ್ಯವನ್ನು, ಮಿತಿ 100 ಮಿಲಿಲೀಟರ್ ಉಸಿರಿಗೆ 35 ಮೈಕ್ರೋಗ್ರಾಂ. ಮೊದಲ ಸಲ ಸಿಕ್ಕವನ ಅಳತೆ 59ರ ಒಳಗಿದ್ದರೆ 12ರಿಂದ 16 ತಿಂಗಳು ಗಾಡಿ ಮುಟ್ಟುವಂತಿಲ್ಲ. 120 ದಾಟಿದರೆ 29ರಿಂದ 36 ತಿಂಗಳು. ಮುದ್ರಿಸಿಟ್ಟ ಪಟ್ಟಿ ಅದು, ಯಾರು ಬೇಕಾದರೂ ಓದಬಹುದು. ತೀರ್ಪು ಬರುವ ಮೊದಲೇ ಕಕ್ಷಿದಾರನಿಗೆ ಏನಾಗಬಹುದೆಂದು ವಕೀಲ ಹೇಳಬಲ್ಲ.

ಹಾಗಾದರೆ ಫಿನ್‌ಲ್ಯಾಂಡ್ ಥರ ಆದಾಯ ನೋಡಿ ದಂಡ ಹಾಕಬಾರದಾ ಎಂದು ಕೇಳುವವರಿದ್ದಾರೆ. 2023ರಲ್ಲಿ ಅಲ್ಲಿಯ ಒಲಂಡ್ ದ್ವೀಪದಲ್ಲಿ ಗಂಟೆಗೆ 50 ಕಿ.ಮೀ. ಮಿತಿಯ ರಸ್ತೆಯಲ್ಲಿ 82ರಲ್ಲಿ ಹೋದ ಶ್ರೀಮಂತ ಉದ್ಯಮಿಯೊಬ್ಬರಿಗೆ 1,21,000 ಯೂರೋ ಬಿತ್ತು. ಕೇಳೋಕೆ ಚೆನ್ನಾಗಿದೆ. ಡೆಲಿವರಿ ಹುಡುಗನಿಗೆ 500 ರೂಪಾಯಿ ಎಂದರೆ ದಿನದ ಸಂಪಾದನೆಯ ದೊಡ್ಡ ಪಾಲು, ದೊಡ್ಡ ಕಾರಿನವರಿಗೆ ಕಾಫಿ ತಿಂಡಿ ಖರ್ಚು. ಆದರೆ ನಮ್ಮಲ್ಲಿ ಆದಾಯ ಕಾಗದದ ಮೇಲೆ ಪೂರ್ತಿ ಕಾಣುವುದು ಸಂಬಳದವರದ್ದು ಮಾತ್ರ. ಕೊನೆಗೆ ಕ್ಲಾರ್ಕಿಗೆ ಜಾಸ್ತಿ, ಕ್ಯಾಶಿನಲ್ಲೇ ವ್ಯವಹಾರ ಮಾಡುವ ಯಜಮಾನರಿಗೆ ಕಮ್ಮಿ ಬೀಳುತ್ತದೆ.

ನನಗೆ ಡಿ.ಎಲ್. ಮೇಲಿನ ಕ್ರಮವೇ ಹೆಚ್ಚು ಸಮ ಅನ್ನಿಸುತ್ತದೆ. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. ಹೆಲ್ಮೆಟ್ ಇಲ್ಲದಿದ್ದರೆ ಮೂರು ತಿಂಗಳು ಲೈಸೆನ್ಸ್ ಅನರ್ಹ ಎಂದು ಸೆಕ್ಷನ್ 194ಡಿ ಈಗಲೇ ಹೇಳುತ್ತದೆ. ದುಡ್ಡು ಕಟ್ಟಿ ಮುಗಿಸಿದರೂ ಮುಂದಿನ ಸಲ ಅದನ್ನು ಹಿಂದಿನ ತಪ್ಪೆಂದೇ ಎಣಿಸಬೇಕು, ಲೈಸೆನ್ಸ್ ಮೇಲಿನ ಕ್ರಮದಿಂದ ಬಿಡುಗಡೆ ಇಲ್ಲ ಎಂದು ಸೆಕ್ಷನ್ 200ರಲ್ಲೇ ಇದೆ. ಚಲನ್ ಕಟ್ಟಿದ ರಸೀದಿ ಸಿಕ್ಕರೆ ಎಲ್ಲಾ ಮುಗೀತು ಎಂದುಕೊಂಡವರಿಗೆ ಇದನ್ನು ಓದಿ ಹೇಳಿದರೆ ಮುಖ ಸಣ್ಣದಾಗುತ್ತದೆ.

ಇದರಲ್ಲೂ ತೊಡಕಿಲ್ಲ ಎನ್ನಲಾರೆ. ಮೂರು ತಿಂಗಳು ಡಿ.ಎಲ್. ಹೋದರೆ ಸಾಹೇಬರು ಡ್ರೈವರ್ ಇಟ್ಟುಕೊಳ್ಳುತ್ತಾರೆ, ಆಟೋ ಓಡಿಸುವವನ ಮನೆಯಲ್ಲಿ ಒಲೆ ಉರಿಯಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷದಲ್ಲಿ 12 ಪೆನಾಲ್ಟಿ ಪಾಯಿಂಟ್ (ಟ್ರಾಫಿಕ್ ತಪ್ಪಿಗೆ ಲೈಸೆನ್ಸ್ ಮೇಲೆ ಬೀಳುವ ಅಂಕ) ಆಗಿ ಲೈಸೆನ್ಸ್ ಕಳೆದುಕೊಳ್ಳುವ ಹಂತಕ್ಕೆ ಬಂದವನು ತೀರಾ ಕಷ್ಟವಾಗುತ್ತದೆ ಎಂದು ಕೋರ್ಟಿನಲ್ಲಿ ಬೇಡಿಕೊಳ್ಳಬಹುದು. ಬೇಡಿಕೊಳ್ಳಲು ಒಳ್ಳೆಯ ವಕೀಲ ಬೇಕು, ಒಳ್ಳೆಯ ವಕೀಲನಿಗೆ ದುಡ್ಡು ಬೇಕು. ನಮ್ಮ ವೃತ್ತಿಯೇ ಸಮಾನತೆಗೆ ಅಡ್ಡ ಬರುವ ಜಾಗ ಇದು.

ಸರ್ಕಾರ ಮತ್ತೆ ರಿಯಾಯಿತಿ ಕೊಡುವುದೇ ಆದರೆ ಒಂದು ಗೆರೆ ಹಾಕಲಿ. ರಾಂಗ್ ಪಾರ್ಕಿಂಗ್‌ನಂಥ ಚಿಲ್ಲರೆ ಕೇಸಿಗೆ, ಅದೂ ಆ ಗಾಡಿಯ ಮೇಲೆ ಬೇರೆ ಕೇಸು ಇಲ್ಲದಿದ್ದರೆ ಕೊಡಲಿ. ಸಿಗ್ನಲ್ ಹಾರಿದ, ಒನ್‌ವೇಯಲ್ಲಿ ಎದುರು ನುಗ್ಗಿದ, ಓವರ್‌ಸ್ಪೀಡ್ ಕೇಸುಗಳನ್ನು ಆ ಪಟ್ಟಿಗೆ ಸೇರಿಸುವುದು ಬೇಡ.