ಟೋಟಲ್ ಫುಟ್ಬಾಲ್ ಅಂದ್ರೆ ಏನು? ಕ್ರೈಫ್ ಆಡಿದ ರೀತಿ, ಆಮೇಲೆ ಆಡಿಸಿದ ರೀತಿ

ಯಾವ್ದೋ ಟೀಮ್ ಚೆನ್ನಾಗಿ ಅಟ್ಯಾಕ್ ಮಾಡ್ತಿದ್ರೆ ಸಾಕು, ಇದು ಟೋಟಲ್ ಫುಟ್ಬಾಲ್ ಅಂದ್ಬಿಡ್ತಾರೆ. ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ಓಡಾಡೋ ಆಟ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಲ್ಲ, ಇದರಲ್ಲಿ ಮುಖ್ಯವಾಗಿರೋದು ಜಾಗ. ಯಾವ ಜಾಗಾನೂ ಖಾಲಿ ಬೀಳಬಾರದು, ಅಲ್ಲಿ ಯಾರು ನಿಂತಿದಾರೆ ಅನ್ನೋದು ಆಮೇಲಿನ ಮಾತು. ರೈಟ್ ಬ್ಯಾಕ್, ಅಂದ್ರೆ ಬಲಗಡೆಯ ಡಿಫೆಂಡರ್, ಮುಂದೆ ನುಗ್ಗಿದ ಅಂದ್ರೆ ಅದೇ ಸೈಡಿನ ಮಿಡ್‌ಫೀಲ್ಡರ್ ಹಿಂದೆ ಬಂದು ಅವನ ಜಾಗ ಹಿಡೀತಾನೆ, ಮೈದಾನದ ಅಂಚಲ್ಲಿ ಅಟ್ಯಾಕ್ ಮಾಡೋ ವಿಂಗರ್ ಮಿಡ್‌ಫೀಲ್ಡರ್ ಜಾಗಕ್ಕೆ ಇಳೀತಾನೆ, ಹೋದವನು ಬಾಲ್ ಕಳ್ಕೊಂಡ ತಕ್ಷಣ ಎದ್ದು ಬಿದ್ದು ವಾಪಸ್ ಓಡಿ ಬರಬೇಕಿಲ್ಲ, ಅಲ್ಲೇ ವಿಂಗರ್ ಕೆಲಸ ಮುಂದುವರಿಸ್ತಾನೆ. ಹೀಗಾಗಿ ಡಿಫೆಂಡರ್‌ಗೂ ಗೋಲ್ ಹೊಡೆಯೋಕೆ ಬರಬೇಕು, ಫಾರ್ವರ್ಡ್‌ಗೂ ಬಾಲ್ ಕಿತ್ಕೊಳ್ಳೋಕೆ ಬರಬೇಕು.

ಇದರ ಇನ್ನೊಂದು ಅರ್ಧ ಬಾಲ್ ನಮ್ಮ ಹತ್ರ ಇಲ್ದಾಗ. ಇದನ್ನ ಯಾರೂ ಅಷ್ಟಾಗಿ ಹೇಳಲ್ಲ, ನನಗೆ ಮಾತ್ರ ಇದೇ ಜಾಸ್ತಿ ಇಷ್ಟ. ಬಾಲ್ ಇದ್ದಾಗ ಮೈದಾನ ಎಷ್ಟು ಅಗಲ ಆಗುತ್ತೋ ಅಷ್ಟು ಅಗಲ ಮಾಡ್ಕೋಬೇಕು, ಕಳ್ಕೊಂಡಾಗ ಎದುರಾಳಿಗೆ ಉಸಿರಾಡೋಕೂ ಜಾಗ ಸಿಗದಷ್ಟು ಕಿರಿದು ಮಾಡ್ಬೇಕು. 1974ರ ವರ್ಲ್ಡ್ ಕಪ್ಪಿನ ಹಳೇ ವಿಡಿಯೋ ನೋಡಿ, ಕಿತ್ತಳೆ ಜರ್ಸಿಯ ನೆದರ್‌ಲ್ಯಾಂಡ್ಸ್‌ನವರು (ಡಚ್ಚರು) ಬಾಲ್ ಇರೋ ಒಬ್ಬನ ಮೇಲೆ ಜೇನು ಎದ್ದ ಹಾಗೆ ಐದಾರು ಜನ ಒಟ್ಟಿಗೆ ಎರಗ್ತಾರೆ, ಹಿಂದಿನ ಸಾಲೂ ಮುಂದಕ್ಕೆ ಓಡಿ ಬರುತ್ತೆ, ಅವನು ತಲೆ ಎತ್ತಿ ಪಾಸ್ ಕೊಡೋಣ ಅನ್ನೋಷ್ಟರಲ್ಲಿ ಅವನ ಟೀಮಿನವರೆಲ್ಲ ಆಫ್‌ಸೈಡಲ್ಲಿ, ಅಂದ್ರೆ ಡಚ್ ಡಿಫೆನ್ಸ್ ಸಾಲಿನ ಆಚೆ ಪಾಸ್ ತಗೋಬಾರದ ಜಾಗದಲ್ಲಿ, ನಿಂತಿರ್ತಾರೆ. ಡಿಫೆನ್ಸ್ ಇಷ್ಟು ಮೇಲೆ ಬಂದ್ರೆ ಹಿಂದೆ ಖಾಲಿ ಅಲ್ವಾ, ಅದನ್ನ ನೋಡ್ಕೊಳ್ಳೋಕೆ ಗೋಲ್‌ಕೀಪರ್ ಯಾನ್ ಯೋಂಗ್‌ಬ್ಲೂಟ್ ಪೆನಾಲ್ಟಿ ಬಾಕ್ಸ್ ಬಿಟ್ಟು ಹೊರಗೆ ಬರ್ತಿದ್ದ.

ಈ ಆಟ ಕಟ್ಟಿದ ಕೋಚ್ ರಿನುಸ್ ಮಿಖೆಲ್ಸ್, 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ಕ್ಲಬ್ಬಿಗೆ ಬಂದವರು. ಆದ್ರೆ ಮೈದಾನದೊಳಗೆ ಕೈ ತೋರಿಸಿ ನೀನು ಅಲ್ಲಿಗೆ ಹೋಗು ನೀನು ಇಲ್ಲಿಗೆ ಬಾ ಅಂತ ಆಡಿಸ್ತಿದ್ದವನು ಡಚ್ ಆಟಗಾರ ಯೋಹಾನ್ ಕ್ರೈಫ್. 1947ರಲ್ಲಿ ಹುಟ್ಟಿದ್ದು, ಮನೆ ಅಯಾಕ್ಸ್ ಸ್ಟೇಡಿಯಂ ಹತ್ರಾನೇ, ಚಿಕ್ಕ ವಯಸ್ಸಲ್ಲೇ ಅಪ್ಪ ತೀರ್ಕೊಂಡ್ರು, ಅಮ್ಮ ಅದೇ ಕ್ಲಬ್ಬಲ್ಲಿ ಕ್ಲೀನಿಂಗ್ ಕೆಲಸ ಮಾಡ್ತಿದ್ರು. 1971, 72, 73 ಮೂರು ವರ್ಷ ಸತತವಾಗಿ ಅಯಾಕ್ಸ್ ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಯುರೋಪಿಯನ್ ಕಪ್ ಗೆಲ್ತು, ಕ್ರೈಫ್‌ಗೆ ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿ ಬ್ಯಾಲನ್ ಡಿ'ಓರ್ ಮೂರು ಸಲ ಬಂತು.

ಪದದ ಅರ್ಥ ಒಂದೇ ನಿಮಿಷದಲ್ಲಿ ನೋಡ್ಬೇಕು ಅಂದ್ರೆ 1974ರ ಫೈನಲ್ ಶುರು ಆಗೋದನ್ನ ನೋಡಿ. ಮ್ಯೂನಿಕ್, ಎದುರಿಗೆ ಪಶ್ಚಿಮ ಜರ್ಮನಿ. ಕಿಕ್ ಆಫ್ ಆದ್ಮೇಲೆ ಡಚ್ಚರು ಬಾಲನ್ನ ತಮ್ಮ ತಮ್ಮಲ್ಲೇ ಆಡಿಸ್ತಾ ಇದಾರೆ, ಸೆಂಟರ್ ಫಾರ್ವರ್ಡ್ ಆಗಿರೋ ಕ್ರೈಫ್ ಎಲ್ರಿಗಿಂತ ಹಿಂದೆ, ತನ್ನ ಡಿಫೆಂಡರ್‌ಗಳು ನಿಲ್ಲೋ ಕಡೆ ಇಳಿದು ಬಂದು ಬಾಲ್ ತಗೋತಾನೆ. ಅಲ್ಲಿಂದ ಓಟ ಶುರು, ಜರ್ಮನ್ ಡಿಫೆಂಡರ್ ಬೆರ್ಟಿ ಫೋಗ್ಟ್ಸ್‌ನ ದಾಟಿ ಬಾಕ್ಸ್ ಒಳಗೆ ನುಗ್ತಾನೆ, ಊಲಿ ಹೊನೆಸ್ ಕಾಲು ಕೊಟ್ಟು ಬೀಳಿಸ್ತಾನೆ, ಪೆನಾಲ್ಟಿ, ಡಚ್ ಆಟಗಾರ ನೇಸ್ಕೆನ್ಸ್ ಗೋಲ್. ಅಷ್ಟೊತ್ತಿಗೆ ಒಬ್ಬ ಜರ್ಮನ್ ಆಟಗಾರನೂ ಬಾಲ್ ಮುಟ್ಟಿರಲಿಲ್ಲ! ಆದ್ರೂ ಡಚ್ಚರು ಮ್ಯಾಚ್ 2-1ರಲ್ಲಿ ಸೋತ್ರು, ಆ ಸೋಲು ಇವತ್ತಿಗೂ ನೋಡೋಕೆ ಬೇಜಾರಾಗುತ್ತೆ.

ಕ್ರೈಫ್ ಕೋಚ್ ಆದ್ಮೇಲೆ ಈ ಪದದ ಅರ್ಥ ಸ್ವಲ್ಪ ಬೇರೆ ಆಯ್ತು. 1985ರಲ್ಲಿ ಅಯಾಕ್ಸ್‌ಗೆ ವಾಪಸ್ ಬಂದಾಗ ಕೋಚಿಂಗ್ ಡಿಪ್ಲೊಮಾ ಇರಲಿಲ್ಲ, ಅದಕ್ಕೆ ಟೆಕ್ನಿಕಲ್ ಡೈರೆಕ್ಟರ್ ಅಂತ ಹೆಸರು ಕೊಟ್ರು. 1987ರಲ್ಲಿ ಯುರೋಪಿನ ಇನ್ನೊಂದು ಟೂರ್ನಿ ಕಪ್ ವಿನ್ನರ್ಸ್ ಕಪ್ ಗೆದ್ದು, 1988ರಲ್ಲಿ ಬಾರ್ಸಿಲೋನಾಗೆ ಹೋದ. ಎದುರಾಳಿ ಇಬ್ಬರೇ ಸ್ಟ್ರೈಕರ್‌ಗಳನ್ನ ಇಟ್ಕೊಂಡಿದ್ರೆ ನಾನ್ಯಾಕೆ ನಾಲ್ಕು ಡಿಫೆಂಡರ್ ನಿಲ್ಲಿಸ್ಲಿ, ಮೂವರು ಸಾಕು, ಉಳಿದ ಒಬ್ಬ ಮಿಡ್‌ಫೀಲ್ಡಲ್ಲಿರ್ಲಿ ಅನ್ನೋದು ಅವನ ಲೆಕ್ಕ, ಅದೇ 3-4-3, ಅಂದ್ರೆ ಮೂವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್. ಮಿಖೆಲ್ಸ್ ಕಾಲದಲ್ಲಿ ಆಟಗಾರರು ಓಡಿ ಜಾಗ ಬದಲಾಯಿಸ್ತಿದ್ರು, ಕ್ರೈಫ್ ಟೀಮಲ್ಲಿ ಜಾಸ್ತಿ ಓಡಿದ್ದು ಬಾಲ್, ಆಟಗಾರ ಸರಿಯಾದ ಜಾಗದಲ್ಲಿ ನಿಂತು ಕಾಯ್ತಿದ್ದ. ಅದಕ್ಕೇ ದಿನಾ ರೊಂಡೊ ಆಡಿಸ್ತಿದ್ದ, ವೃತ್ತದಲ್ಲಿ ನಿಂತವರು ಒಂದೇ ಟಚ್ಚಲ್ಲಿ ಪಾಸ್ ಕೊಡ್ಬೇಕು, ಮಧ್ಯ ಸಿಕ್ಕಿಹಾಕೊಂಡವರು ಕಿತ್ಕೋಬೇಕು. ಸಣಕಲು ಮೈಯ, ವೇಗ ಇಲ್ಲದ ಪೆಪ್ ಗ್ವಾರ್ಡಿಯೋಲಾ ಅನ್ನೋ ಆಟಗಾರನ್ನ ಮಿಡ್‌ಫೀಲ್ಡಿನ ಬುಡದಲ್ಲಿ ನಿಲ್ಲಿಸಿದ್ದೂ ಇದೇ ಕಾರಣಕ್ಕೆ, ಅವನ ತಲೆ ಕಾಲಿಗಿಂತ ಬೇಗ ಓಡ್ತಿತ್ತು. 1991ರಿಂದ 94ರವರೆಗೆ ನಾಲ್ಕು ಲೀಗ್, 1992ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಡಚ್ ಡಿಫೆಂಡರ್ ಕೂಮನ್ ಫ್ರೀಕಿಕ್ಕಿಂದ ಬಾರ್ಸಿಲೋನಾಗೆ ಮೊದಲ ಯುರೋಪಿಯನ್ ಕಪ್. 1994ರಲ್ಲಿ ಅದೇ ಟೂರ್ನಿಯ ಫೈನಲಲ್ಲಿ ಇಟಲಿಯ ಮಿಲಾನ್ ಬಾರ್ಸಿಲೋನಾನ 4-0 ಸೋಲಿಸ್ತು. 1996ರಲ್ಲಿ ಕ್ಲಬ್ಬಿಂದ ತೆಗೆದ್ರು.

ಈ ದಾರಿಯ ಒಂದು ಎಳೆ ಬೆಂಗಳೂರಿಗೂ ಬಂದಿದೆ. ಇನ್ನೊಬ್ಬ ಡಚ್ ಆಟಗಾರ ಫ್ರಾಂಕ್ ರೈಕಾರ್ಡ್ ಬಾರ್ಸಿಲೋನಾ ಕೋಚ್ ಆಗಿದ್ದಾಗ ಅವನ ಜೊತೆ ಕೆಲಸ ಮಾಡಿದ್ದ ಆಲ್ಬರ್ಟ್ ರೋಕಾ, 2016ರಲ್ಲಿ ಬೆಂಗಳೂರು ಎಫ್‌ಸಿಯನ್ನ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್‌ವರೆಗೆ ಕರ್ಕೊಂಡು ಹೋಗಿದ್ರು.

ಇನ್ಮೇಲೆ ಕಾಮೆಂಟರಿಯಲ್ಲಿ ಈ ಪದ ಕೇಳಿದ್ರೆ ಬಾಲ್ ಹಿಂದೆ ಕಣ್ಣು ಓಡಿಸ್ಬೇಡಿ. ಮುಂದೆ ನುಗ್ಗಿದ ಬ್ಯಾಕ್ ಬಿಟ್ಟು ಹೋದ ಜಾಗಕ್ಕೆ ಯಾರು ಬಂದ್ರು ನೋಡಿ. ಯಾರೂ ಬರಲಿಲ್ಲ ಅಂದ್ರೆ ಅದು ಬರೀ ಅಟ್ಯಾಕ್ ಅಷ್ಟೇ.