ತೆರವು ಆದೇಶದಲ್ಲಿ ಬರೆಯದ ಕಾರಣ

ಸಾರ್ವಜನಿಕ ಜಾಗದಲ್ಲಿದ್ದ ಚಿತ್ರವನ್ನೋ ಶಿಲ್ಪವನ್ನೋ ತೆಗೆಸಿದ ಆದೇಶಗಳನ್ನು ಓದುವುದು ನನ್ನ ವೃತ್ತಿಯ ಒಂದು ಭಾಗ. ಕಲಾವಿದರಿಗೆ ಕರಾರು ಬರೆದುಕೊಡುವ, ಕರಾರು ಮುರಿದಾಗ ಅವರ ಪರ ವಾದಿಸುವ ವಕೀಲರ ಮೇಜಿಗೆ ಇಂಥ ಕಾಗದ ಬಂದೇ ಬರುತ್ತದೆ. ಅದರಲ್ಲಿ ‘ಈ ಚಿತ್ರದಿಂದ ನಮ್ಮ ನಾಯಕರಿಗೆ ಇರುಸುಮುರುಸಾಗಿದೆ’ ಎಂಬ ಸಾಲನ್ನು ಹುಡುಕಬೇಡಿ, ಸಿಗುವುದಿಲ್ಲ. ಗೋಡೆಗೆ ತೇವ ಹಿಡಿದಿದೆ, ಶಿಲ್ಪದ ಬುಡ ಸಡಿಲವಾಗಿದೆ, ಅನುಮತಿಯ ಅವಧಿ ಮುಗಿದಿದೆ, ಕಟ್ಟಡದ ನವೀಕರಣ ಆಗಬೇಕಿದೆ, ಅರ್ಜಿಯಲ್ಲಿ ಒಂದು ವಿವರ ಬಿಟ್ಟುಹೋಗಿದೆ. ಕಾರಣಗಳೆಲ್ಲ ಇಂಥವೇ. ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಷಣ ಹಿಡಿದು ಹೋದವರ ಮುಂದೆ ಅಧಿಕಾರಿಗಳು ತೇವದ ವರದಿ ಇಡುತ್ತಾರೆ. ವಾದ ಅಲ್ಲಿಗೇ ನಿಂತುಹೋಗುತ್ತದೆ.

ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ‘ಪಿಲ್ಲರ್ ಆಫ್ ಶೇಮ್’ ಶಿಲ್ಪವನ್ನೇ ನೋಡಿ. ಡೆನ್ಮಾರ್ಕಿನ ಯೆನ್ಸ್ ಗಾಲ್ಶಿಯೋಟ್ ಮಾಡಿದ, ಎಂಟು ಮೀಟರ್ ಎತ್ತರದ, ಒಂದರ ಮೇಲೊಂದು ಹೆಣೆದುಕೊಂಡ ನರಳುವ ದೇಹಗಳ ಸ್ತಂಭ ಅದು. 1989ರಲ್ಲಿ ಬೀಜಿಂಗಿನ ತಿಯಾನನ್ಮೆನ್ ಚೌಕದ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿದಾಗ ಸತ್ತವರ ನೆನಪಿಗೆಂದು 1997ರಲ್ಲಿ ಹಾಂಗ್‌ಕಾಂಗಿಗೆ ಬಂತು. 2021ರ ಡಿಸೆಂಬರ್ 22ರ ರಾತ್ರಿ ಸುತ್ತ ತಡೆಗೋಡೆ ಕಟ್ಟಿ, ಬಿಳಿ ಹಾಳೆ ಇಳಿಬಿಟ್ಟು, ಬೆಳಗಾಗುವುದರೊಳಗೆ ಅದನ್ನು ಬಿಚ್ಚಿ ಸಾಗಿಸಿದರು. ವಿಶ್ವವಿದ್ಯಾಲಯ ಕೊಟ್ಟ ವಿವರಣೆಯಲ್ಲಿ ಶಿಲ್ಪ ಶಿಥಿಲವಾಗಿ ಅಪಾಯಕಾರಿಯಾಗಿದೆ ಎಂಬ ಮಾತಿತ್ತು, ವಸಾಹತು ಕಾಲದ ಅಪರಾಧ ಕಾಯ್ದೆಯ ಉಲ್ಲೇಖವಿತ್ತು, ಪ್ರದರ್ಶನಕ್ಕೆ ಯಾರೂ ಯಾವತ್ತೂ ಅನುಮತಿ ಪಡೆದಿರಲಿಲ್ಲ ಎಂಬ ಮಾತೂ ಇತ್ತು. ಎರಡು ದಶಕಕ್ಕೂ ಹೆಚ್ಚು ಕಾಲ ಎಲ್ಲರ ಕಣ್ಣೆದುರೇ ನಿಂತಿದ್ದಕ್ಕೆ ಅನುಮತಿ ಇಲ್ಲವೆಂದು ಆ ರಾತ್ರಿ ನೆನಪಾಯಿತು. ಹಾಗೆಂದು ಆ ವಾದವನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಕಾಗದ ಇಲ್ಲದ ಕಡೆ ಅದು ನ್ಯಾಯಾಲಯದಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ.

ಜಪಾನಿನಲ್ಲಿ ನಡೆದದ್ದು ಇನ್ನೂ ನಾಜೂಕು. ಮೂರು ವರ್ಷಕ್ಕೊಮ್ಮೆ ನಡೆಯುವ ಕಲಾ ಉತ್ಸವ ಐಚಿ ಟ್ರಿಯೆನ್ನಾಲೆಯಲ್ಲಿ 2019ರಲ್ಲಿ, ಹಿಂದೆ ಬೇರೆ ಬೇರೆ ಕಡೆ ನಿರ್ಬಂಧಕ್ಕೊಳಗಾಗಿದ್ದ ಕೃತಿಗಳನ್ನು ಒಟ್ಟುಸೇರಿಸಿ ಒಂದು ವಿಭಾಗ ಮಾಡಿದ್ದರು. ಯುದ್ಧಕಾಲದಲ್ಲಿ ಜಪಾನಿ ಸೇನೆಯ ಲೈಂಗಿಕ ದಾಸ್ಯಕ್ಕೆ ಸಿಕ್ಕ ಹೆಣ್ಣುಮಕ್ಕಳನ್ನು ಪ್ರತಿನಿಧಿಸುವ ಬಾಲೆಯ ಪ್ರತಿಮೆಯೂ ಅಲ್ಲಿತ್ತು. ನಗೋಯಾದ ಮೇಯರ್ ಪ್ರದರ್ಶನ ನಿಲ್ಲಿಸಿ ಎಂದರು, ಬೆಂಕಿ ಹಚ್ಚುವುದಾಗಿ ಬೆದರಿಕೆ ಬಂತು, ಮೂರೇ ದಿನಕ್ಕೆ ವಿಭಾಗ ಬಾಗಿಲು ಹಾಕಿತು. ಅಕ್ಟೋಬರ್ 8ಕ್ಕೆ ಮತ್ತೆ ತೆರೆಯಿತು. ಆದರೆ ಅಷ್ಟರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ವ್ಯವಹಾರಗಳ ಏಜೆನ್ಸಿ, ಉತ್ಸವಕ್ಕೆ ಕೊಡಬೇಕಿದ್ದ ಸುಮಾರು 7.8 ಕೋಟಿ ಯೆನ್ ಅನುದಾನ ಕೊಡುವುದಿಲ್ಲವೆಂದು ಘೋಷಿಸಿತ್ತು. ಪ್ರತಿಮೆಯ ಬಗ್ಗೆ ತಕರಾರಿಲ್ಲವಂತೆ. ಭದ್ರತೆಗೆ ತೊಂದರೆಯಾಗಬಹುದು ಎಂಬ ಮುನ್ಸೂಚನೆ ಇದ್ದರೂ ಅರ್ಜಿದಾರರು ಅದನ್ನು ಮೊದಲೇ ತಿಳಿಸಲಿಲ್ಲ, ಅದಕ್ಕಾಗಿ. ಬೆದರಿಕೆ ಹಾಕಿದವರು ಬೇರೆ, ದಂಡ ತೆತ್ತವರು ಬೇರೆ. ಮುಂದಿನ ವರ್ಷ ಕಡಿತ ಮಾಡಿ ಬಹುಪಾಲು ಹಣ ಕೊಟ್ಟರು ನಿಜ. ಆದರೆ ಮುಂದೆ ಅನುದಾನದ ಅರ್ಜಿ ತುಂಬುವ ಯಾವ ಆಯೋಜಕ ಈ ಪ್ರಕರಣ ಮರೆತಾನು? ಒಂದು ಕೃತಿಯನ್ನೂ ಮುಟ್ಟದೆ ನೂರು ಕೃತಿಗಳನ್ನು ತಡೆಯುವ ವಿಧಾನ ಇದು.

ಇಂಥ ಪ್ರಕರಣಗಳಿಗೆಲ್ಲ ಹಿರಿಯಣ್ಣನಂತಿರುವುದು ಮೆಕ್ಸಿಕೊದ ಚಿತ್ರಕಾರ ಡಿಯೇಗೊ ರಿವೇರಾನ ಭಿತ್ತಿಚಿತ್ರ. ಅದನ್ನು ನಾನು ಕಲಾವಿದರಿಗೆ ವಿವರಿಸುವುದು ಕರಾರಿನ ಪಾಠವಾಗಿ. 1933ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನ ಗೋಡೆಯ ಮೇಲೆ ರಿವೇರಾ ಚಿತ್ರ ಬರೆಯುತ್ತಿದ್ದ. ಮೊದಲು ಒಪ್ಪಿಗೆ ಪಡೆದ ರೇಖಾಚಿತ್ರದಲ್ಲಿ ಲೆನಿನ್ ಇರಲಿಲ್ಲ. ಗೋಡೆಯ ಮೇಲೆ ಲೆನಿನ್ ಮೂಡಿದ. ಆ ಮುಖದ ಬದಲು ಯಾರೋ ಅನಾಮಧೇಯನ ಮುಖ ಇಡಿ ಎಂದು ಮಾಲೀಕ ಕುಟುಂಬದ ನೆಲ್ಸನ್ ರಾಕ್‌ಫೆಲರ್ ಸೌಜನ್ಯದಿಂದಲೇ ಪತ್ರ ಬರೆದರು. ರಿವೇರಾ ಒಪ್ಪಲಿಲ್ಲ, ಬೇಕಾದರೆ ಇನ್ನೊಂದು ಕಡೆ ಲಿಂಕನ್‌ನನ್ನೂ ಸೇರಿಸುತ್ತೇನೆ ಎಂದ. ಕೊನೆಗೆ ಕೊಡಬೇಕಿದ್ದ ಸಂಭಾವನೆಯನ್ನು ಪೂರ್ತಿಯಾಗಿ ಕೊಟ್ಟು ಅವನನ್ನು ಕೆಳಗಿಳಿಸಿದರು, ಚಿತ್ರಕ್ಕೆ ಬಟ್ಟೆ ಮುಚ್ಚಿದರು. 1934ರ ಫೆಬ್ರವರಿಯ ಒಂದು ರಾತ್ರಿ ಗಾರೆ ಸಮೇತ ಕೆತ್ತಿ ಹಾಕಿದರು.

ಇದರಲ್ಲಿ ಎಲ್ಲರೂ ಲೆನಿನ್‌ನನ್ನು ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಎರಡು ಕಡೆ. ಒಂದು, ಆ ರೇಖಾಚಿತ್ರ. ಒಪ್ಪಿದ್ದು ಒಂದು, ಬರೆದದ್ದು ಇನ್ನೊಂದು ಎಂಬ ವಾದವನ್ನು ಮಾಲೀಕರ ಕೈಗೆ ಕೊಟ್ಟದ್ದು ಅದು. ಎರಡು, ಪೂರ್ತಿ ಸಂದಾಯವಾದ ಹಣ. ಹಣ ಕೊಟ್ಟ ಮೇಲೆ ಗೋಡೆಯೂ ನನ್ನದು, ಅದರ ಮೇಲಿನದೂ ನನ್ನದು ಎನ್ನುವುದು ಅಂದಿನ ಅಮೆರಿಕದ ಕಾನೂನಿಗೆ ಸಹಜವಾದ ಮಾತು. ಸೆನ್ಸಾರ್ ಮಾಡಿದವರು ಅಲ್ಲಿ ಸರ್ಕಾರದವರಲ್ಲ, ಮಾಲೀಕರು ಎಂದು ಯಾರಾದರೂ ಆಕ್ಷೇಪಿಸಬಹುದು. ಸರ್ಕಾರವೇ ಮಾಲೀಕನಾದಾಗಲೂ ಇದೇ ವಾದ ಮಂಡಿಸುತ್ತದೆ ಎಂಬುದು ನನ್ನ ಉತ್ತರ.

ದೆಹಲಿಯ ವಿಜ್ಞಾನ ಭವನದಲ್ಲಿ ಆದದ್ದು ಅದೇ. ಶಿಲ್ಪಿ ಅಮರನಾಥ ಸೆಹಗಲ್ ಅಲ್ಲಿನ ಗೋಡೆಗೆ ಸರ್ಕಾರದ ಕೋರಿಕೆಯ ಮೇರೆಗೆ ಬೃಹತ್ತಾದ ಕಂಚಿನ ಭಿತ್ತಿಶಿಲ್ಪ ಮಾಡಿದ್ದರು. 1979ರಲ್ಲಿ ಕಟ್ಟಡದ ನವೀಕರಣದ ವೇಳೆ ಅವರಿಗೆ ಒಂದು ಮಾತೂ ಹೇಳದೆ ಅದನ್ನು ಕಿತ್ತು ದಾಸ್ತಾನು ಕೋಣೆಗೆ ಹಾಕಿದರು, ತುಂಡುಗಳು ಕಳೆದವು. ಹಿಂದೆ ರಾಜಕೀಯ ಇರಲಿಲ್ಲ, ಬರೀ ಅಸಡ್ಡೆ. ಆದರೂ ರಾಜಕೀಯ ಪ್ರಕರಣಗಳಲ್ಲಿ ನಾವು ಮೊದಲು ತೆರೆಯುವ ತೀರ್ಪು ಇದೇ. ನಾವು ಖರೀದಿಸಿದ್ದೇವೆ, ಏನು ಬೇಕಾದರೂ ಮಾಡಬಹುದು ಎಂಬ ಸರ್ಕಾರದ ನಿಲುವನ್ನು 2005ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಂ ಕಲಾವಿದನಿಗೆ ಕೊಡುವ ನೈತಿಕ ಹಕ್ಕು, ಅಂದರೆ ತನ್ನ ಕೃತಿ ವಿರೂಪವಾಗದಂತೆ ತಡೆಯುವ ಹಕ್ಕು, ಕೃತಿ ಮಾರಿದ ಮೇಲೂ ಅವನ ಬಳಿಯೇ ಉಳಿಯುತ್ತದೆ, ಕೃತಿಯನ್ನು ನಾಶ ಮಾಡುವುದೆಂದರೆ ವಿರೂಪಗೊಳಿಸುವುದರ ಪರಮಾವಧಿ ಎಂದು ಹೇಳಿ, ಉಳಿದದ್ದನ್ನು ಮರಳಿಸಲು ಮತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ದಾವೆ ಹೂಡಿದ್ದು 1992ರಲ್ಲಿ ಎಂಬುದನ್ನೂ ಕಕ್ಷಿದಾರರಿಗೆ ಹೇಳುತ್ತೇನೆ. ಗೆಲುವು ಬರುವಷ್ಟರಲ್ಲಿ ಕಲಾವಿದ ಮುದುಕನಾಗಿರುತ್ತಾನೆ.

ಅದೇ ಹೈಕೋರ್ಟ್ 2019ರಲ್ಲಿ ಇನ್ನೊಂದು ದಾರಿ ಹಿಡಿಯಿತು. ವಾಸ್ತುಶಿಲ್ಪಿ ರಾಜ್ ರೇವಾಲ್ ರೂಪಿಸಿದ್ದ, ದೆಹಲಿಯ ಪ್ರದರ್ಶನ ಮೈದಾನದ ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು 2017ರಲ್ಲಿ ಕೆಡವಿದ್ದರು. ಅದರ ವಿರುದ್ಧ ಅವರು ಹೂಡಿದ ದಾವೆ ಬಿದ್ದುಹೋಯಿತು. ಪೂರ್ತಿ ಇಲ್ಲವಾದದ್ದನ್ನು ಯಾರೂ ನೋಡಲಾರರು, ನೋಡದ್ದರಿಂದ ಕರ್ತೃವಿನ ಕೀರ್ತಿಗೆ ಕುಂದು ಬರಲಾರದು ಎಂಬುದು ಅಲ್ಲಿನ ತರ್ಕದ ಸಾರ. ಕಟ್ಟಡದ ಜಾಗದ ಮೇಲೆ ಮಾಲೀಕನಿಗಿರುವ ಹಕ್ಕು ಆ ತರ್ಕದ ಹಿಂದಿದೆ, ಒಪ್ಪುತ್ತೇನೆ. ಆದರೆ ಅದನ್ನು ಭಿತ್ತಿಚಿತ್ರಕ್ಕೆ ಎಳೆದರೆ ಮೂಗು ಕೆತ್ತಿದವನು ತಪ್ಪಿತಸ್ಥ, ಇಡೀ ಗೋಡೆ ಕೆತ್ತಿದವನು ನಿರಪರಾಧಿ ಎಂದಾಗುತ್ತದೆ.

ಕಾನೂನಿನ ದೊಡ್ಡ ಕಂಡಿ ಇರುವುದು ಮಾತ್ರ ಒಡೆಯುವುದರಲ್ಲಲ್ಲ, ಮುಚ್ಚುವುದರಲ್ಲಿ. 57ನೇ ಕಲಮಿಗೇ ಒಂದು ವಿವರಣೆ ಅಂಟಿಕೊಂಡಿದೆ: ಕೃತಿಯನ್ನು ಪ್ರದರ್ಶಿಸದೇ ಇರುವುದು, ಅಥವಾ ಕರ್ತೃವಿಗೆ ತೃಪ್ತಿಯಾಗುವಂತೆ ಪ್ರದರ್ಶಿಸದೇ ಇರುವುದು, ಹಕ್ಕಿನ ಉಲ್ಲಂಘನೆ ಅಲ್ಲ. ಅಮೆರಿಕದಲ್ಲೂ ದಾರಿ ಇದೇ ಕಡೆಗೆ ತಿರುಗಿದೆ. ವರ್ಮಾಂಟ್ ಕಾನೂನು ಕಾಲೇಜಿನ ಗೋಡೆಯಲ್ಲಿ ಸ್ಯಾಮ್ ಕೆರ್ಸನ್ 1993ರಲ್ಲಿ ಗುಲಾಮಗಿರಿಯ ವಿರುದ್ಧವೇ ಬರೆದ ಚಿತ್ರಗಳಲ್ಲಿ ಕಪ್ಪು ಜನರ ಮುಖಗಳು ವ್ಯಂಗ್ಯಚಿತ್ರದಂತಿವೆ ಎಂದು ವಿದ್ಯಾರ್ಥಿಗಳು ದೂರಿದರು. ಕಾಲೇಜು ಬಣ್ಣಕ್ಕೆ ತಾಗದಂತೆ ಮುಂದೊಂದು ಹಲಗೆಗೋಡೆ ನಿಲ್ಲಿಸಿತು. ಇದು ನಾಶವೂ ಅಲ್ಲ, ಮಾರ್ಪಾಡೂ ಅಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿತು. ಹಾಗಾಗಿ ತಿಳಿವಳಿಕೆಯುಳ್ಳ ಅಧಿಕಾರಿ ಇಂದು ಸುತ್ತಿಗೆ ಕೇಳುವುದಿಲ್ಲ, ಪರದೆ ಕೇಳುತ್ತಾನೆ.

ಪರದೆ ಕೆಲವೊಮ್ಮೆ ತಿರುಗುಬಾಣವಾಗುವುದೂ ಉಂಟು. 2009ರಲ್ಲಿ ಜೆಕ್ ಕಲಾವಿದ ಡೇವಿಡ್ ಚೆರ್ನಿ ಬ್ರಸೆಲ್ಸ್‌ನ ಯುರೋಪಿಯನ್ ಮಂಡಳಿ ಕಟ್ಟಡದಲ್ಲಿ ‘ಎಂಟ್ರೋಪಾ’ ಎಂಬ ಬೃಹತ್ ಕೃತಿಯನ್ನು ತೂಗುಹಾಕಿದ. ಯುರೋಪಿಯನ್ ಒಕ್ಕೂಟದ ಒಂದೊಂದು ಸದಸ್ಯ ದೇಶಕ್ಕೆ ಒಂದೊಂದು ಗೇಲಿ. ಬಲ್ಗೇರಿಯಾದ ಪಾಲಿಗೆ ಬಂದದ್ದು ಕುಕ್ಕುರುಗಾಲಿನ ಶೌಚಗುಂಡಿಗಳು. ಅವರು ಪ್ರತಿಭಟಿಸಿದರು, ಆ ಒಂದು ತುಣುಕಿಗೆ ಕಪ್ಪು ಬಟ್ಟೆ ಹೊದಿಸಿದರು. ಇಪ್ಪತ್ತೇಳು ದೇಶಗಳ ನಡುವೆ ಎಲ್ಲರ ಕಣ್ಣು ಹೋದದ್ದು ಆ ಬಟ್ಟೆಯ ಕಡೆಗೇ.

ತೆಗೆದದ್ದೆಲ್ಲ ಸೆನ್ಸಾರ್ ಎನ್ನುವವರ ಜೊತೆ ನನಗೆ ಭಿನ್ನಾಭಿಪ್ರಾಯವಿದೆ. ಅಮೆರಿಕದ ಶಿಲ್ಪಿ ರಿಚರ್ಡ್ ಸೆರ್ರಾನ ‘ಟಿಲ್ಟೆಡ್ ಆರ್ಕ್’ ಇದಕ್ಕೆ ಒಳ್ಳೆಯ ಒರೆಗಲ್ಲು. 1981ರಲ್ಲಿ ನ್ಯೂಯಾರ್ಕಿನಲ್ಲಿ ಸರ್ಕಾರಿ ಕಚೇರಿಗಳ ಮುಂದಿನ ಫೆಡರಲ್ ಪ್ಲಾಜಾದಲ್ಲಿ 120 ಅಡಿ ಉದ್ದ, 12 ಅಡಿ ಎತ್ತರದ ತುಕ್ಕುಬಣ್ಣದ ಉಕ್ಕಿನ ಗೋಡೆಯೊಂದು ಚೌಕವನ್ನು ಅಡ್ಡಲಾಗಿ ಸೀಳಿ ನಿಂತಿತು. ಅಲ್ಲಿ ಕೆಲಸ ಮಾಡುವವರು ದಿನಾ ಸುತ್ತಿಬಳಸಿ ನಡೆಯಬೇಕಾಯಿತು, ಸಿಟ್ಟಾದರು. ನನ್ನ ದೃಷ್ಟಿಯಲ್ಲಿ ಆ ಸಿಟ್ಟು ಸೆನ್ಸಾರ್ ಅಲ್ಲ. ತಾವು ದಿನವಿಡೀ ಬದುಕುವ ಜಾಗದ ಬಗ್ಗೆ ಮಾತಾಡುವ ಹಕ್ಕು ಅವರಿಗೂ ಇದೆ, ಮತ್ತು ಕಲಾವಲಯ ಆ ದೂರನ್ನು ಅರಸಿಕರ ಗೊಣಗಾಟವೆಂದು ತಳ್ಳಿದ್ದು ಸೊಕ್ಕು. ನನಗೆ ಕಸಿವಿಸಿಯಾಗುವುದು ಆಮೇಲಿನದರ ಬಗ್ಗೆ. 1985ರಲ್ಲಿ ಸಾರ್ವಜನಿಕ ವಿಚಾರಣೆ ನಡೆಸಿದರು. ಮಾತಾಡಿದ 180 ಮಂದಿಯಲ್ಲಿ 122 ಜನ ಶಿಲ್ಪ ಇರಲಿ ಎಂದರು, 58 ಜನ ಬೇಡ ಎಂದರು. ವಿಚಾರಣೆ ನಡೆಸಿದ ಸಮಿತಿ, ಒಂದರ ವಿರುದ್ಧ ನಾಲ್ಕು ಮತಗಳಿಂದ, ತೆಗೆಯಿರಿ ಎಂದಿತು. ಅದರ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ, ಶಿಲ್ಪ ಹೋಗಬೇಕೆಂದು ಮೊದಲೇ ಬಹಿರಂಗವಾಗಿ ಹೇಳಿದ್ದವರು. ಆ ಚೌಕಕ್ಕಾಗಿಯೇ ಮಾಡಿದ್ದನ್ನು ಬೇರೆಡೆಗೆ ಸಾಗಿಸುವುದೂ ಒಂದೇ, ಒಡೆಯುವುದೂ ಒಂದೇ ಎಂದು ಸೆರ್ರಾ ನ್ಯಾಯಾಲಯಕ್ಕೆ ಹೋದ. ಶಿಲ್ಪವನ್ನು ನೀನು ಸರ್ಕಾರಕ್ಕೆ ಮಾರಿದ್ದೀಯ, ಹಾಗಾಗಿ ಅದು ಆಡುವ ಮಾತೂ ಈಗ ಸರ್ಕಾರದ್ದೇ ಎಂಬರ್ಥದಲ್ಲಿ 1988ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ವಾದ ತಳ್ಳಿತು. 1989ರ ಮಾರ್ಚ್ 15ರ ರಾತ್ರಿ ಶಿಲ್ಪವನ್ನು ತುಂಡರಿಸಿ ಒಯ್ದರು.

ಜನಕ್ಕೆ ಬೇಡವಾದದ್ದು ಹೋಗಬಹುದು. ಯಾರು ತೀರ್ಮಾನಿಸಿದರು, ತೀರ್ಮಾನಕ್ಕೆ ಮೊದಲು ಕೇಳಿಸಿಕೊಂಡರೇ, ಕಾರಣವನ್ನು ಬರೆದು ಸಹಿ ಹಾಕಿದರೇ ಎಂಬುದರ ಮೇಲೆ ನಾನು ಒಂದು ತೆರವನ್ನು ಸೆನ್ಸಾರ್ ಎಂದೋ ಅಲ್ಲವೆಂದೋ ತೂಗುತ್ತೇನೆ. ಈ ಅಳತೆ ಎಲ್ಲ ಕಡೆ ಸಲೀಸಾಗಿ ಕೂರುವುದಿಲ್ಲ. ಜರ್ಮನಿಯ ಕಾಸೆಲ್ ನಗರದ ಕಲಾ ಪ್ರದರ್ಶನ ಡಾಕ್ಯುಮೆಂಟಾದಲ್ಲಿ 2022ರಲ್ಲಿ ಇಂಡೊನೇಷ್ಯಾದ ತಾರಿಂಗ್ ಪಾಡಿ ತಂಡ ತೂಗುಹಾಕಿದ ಬೃಹತ್ ಬ್ಯಾನರಿನಲ್ಲಿ ಯೆಹೂದಿದ್ವೇಷದ ಚಿತ್ರಗಳಿದ್ದವು. ಮೊದಲು ಕಪ್ಪು ಬಟ್ಟೆ ಮುಚ್ಚಿದರು, ಮರುದಿನ ಇಳಿಸಿದರು. ಇಂಡೊನೇಷ್ಯಾದ ಸರ್ವಾಧಿಕಾರಿ ಸುಹಾರ್ತೊ ಆಡಳಿತದ ದೌರ್ಜನ್ಯದ ವಿರುದ್ಧ ಬರೆದ ಕೃತಿ ಅದು ಎಂಬುದು ನಿಜ, ಆ ಮುಖಗಳು ಜರ್ಮನಿಯ ನೆಲದಲ್ಲಿ ಏನನ್ನು ನೆನಪಿಸುತ್ತವೆ ಎಂಬುದೂ ಅಷ್ಟೇ ನಿಜ. ಅದನ್ನು ಇಳಿಸಿದ್ದು ತಪ್ಪೆಂದು ವಾದಿಸುವ ವಕಾಲತ್ತನ್ನು ನಾನು ಹಾಕುತ್ತಿರಲಿಲ್ಲ.

ಇನ್ನು ಕೆಲಸದ ಮಾತು. ಕಲಾವಿದರು ನನ್ನ ಬಳಿ ಬರುವುದು ಸಾಮಾನ್ಯವಾಗಿ ಸುಣ್ಣದ ಬಕೆಟ್ ಬಂದ ಮೇಲೆ. ಬರಬೇಕಾದ್ದು ಕೆಲಸದ ಆದೇಶಕ್ಕೆ ಸಹಿ ಹಾಕುವ ಮೊದಲು. ರೇಖಾಚಿತ್ರವನ್ನು ಅನುಬಂಧವಾಗಿ ಸೇರಿಸುವಾಗ ‘ವಿವರಗಳಲ್ಲಿ ಬದಲಾವಣೆ ಕಲಾವಿದರ ವಿವೇಚನೆಗೆ ಬಿಟ್ಟದ್ದು’ ಎಂಬ ಒಂದು ಸಾಲು ಇರಲಿ. ಆ ಸಾಲಿಗೆ ಇಲಾಖೆ ಒಪ್ಪದಿದ್ದರೆ ಮುಂದೆ ಏನಾಗಬಹುದು ಎಂಬುದೂ ಅಲ್ಲೇ ತಿಳಿಯುತ್ತದೆ. ಕೃತಿಯನ್ನು ತೆಗೆಯುವ, ಸ್ಥಳಾಂತರಿಸುವ ಜೊತೆಗೆ ‘ಸಾರ್ವಜನಿಕ ನೋಟದಿಂದ ಮರೆಮಾಡುವ’ ಮೊದಲೂ ಲಿಖಿತ ಕಾರಣ ಮತ್ತು 90 ದಿನಗಳ ನೋಟಿಸ್ ಕೊಡಬೇಕು ಎಂದು ಬರೆಸಿ. ಮರೆಮಾಡುವ ಮಾತನ್ನು ಬಿಟ್ಟರೆ ಕಾನೂನು ನಿಮ್ಮ ಸಹಾಯಕ್ಕೆ ಬರುವುದಿಲ್ಲ ಎಂಬುದನ್ನು ಮೇಲೆ ನೋಡಿದಿರಿ. ಸುರಕ್ಷತೆಯ ಕಾರಣ ಕೊಟ್ಟರೆ ಎರಡೂ ಕಡೆಯವರು ಒಪ್ಪಿದ ಎಂಜಿನಿಯರ್ ವರದಿ ಬೇಕು ಎಂದೂ ಸೇರಿಸಿ. ತೆಗೆಯುವುದೇ ಆದರೆ ಕೃತಿಯನ್ನು ಮರಳಿ ಪಡೆಯುವ ಮೊದಲ ಹಕ್ಕು ನಿಮ್ಮದಾಗಿರಲಿ.

90 ದಿನ ಎಂಬುದು ನಾನು ಗಾಳಿಯಿಂದ ತಂದ ಸಂಖ್ಯೆಯಲ್ಲ. ಕಟ್ಟಡಕ್ಕೆ ಅಂಟಿದ ಕೃತಿಯನ್ನು ಬಿಡಿಸಿ ಒಯ್ಯಲು ಸಾಧ್ಯವಿದ್ದರೆ ಮಾಲೀಕ ಅಷ್ಟು ಕಾಲ ಕೊಡಬೇಕೆಂದು ದೃಶ್ಯ ಕಲಾವಿದರ ಹಕ್ಕುಗಳ ಕುರಿತ ಅಮೆರಿಕದ 1990ರ ಕಾಯ್ದೆ ಹೇಳುತ್ತದೆ. ಗೋಡೆ ತುಂಬ ಗ್ರಾಫಿಟಿ ಕಲಾವಿದರ ಚಿತ್ರಗಳಿದ್ದ ನ್ಯೂಯಾರ್ಕಿನ ಫೈವ್‌ಪಾಯಿಂಟ್ಜ್ ಕಟ್ಟಡದ ಮಾಲೀಕ ಅದನ್ನು ಲೆಕ್ಕಿಸದೆ 2013ರಲ್ಲಿ ರಾತ್ರೋರಾತ್ರಿ ಬಿಳಿ ಬಣ್ಣ ಬಳಿಸಿದ. 45 ಚಿತ್ರಗಳಿಗೆ 67.5 ಲಕ್ಷ ಡಾಲರ್ ತೆರಬೇಕಾಯಿತು. ಅಲ್ಲೂ ರಾಜಕೀಯ ಇರಲಿಲ್ಲ, ಇದ್ದದ್ದು ಅವಸರ. ಆದರೆ ಮೌಖಿಕ ಆದೇಶದ ಮೇಲೆ ಬಣ್ಣದ ಡಬ್ಬಿ ಹಿಡಿಯುವ ಅಧಿಕಾರಿಗೆ ತೋರಿಸಲು ಈ ಅಂಕಿಗಿಂತ ಒಳ್ಳೆಯ ಕಾಗದ ನನ್ನ ಬಳಿ ಇಲ್ಲ.

ಕಾರ್ಯವಿಧಾನವನ್ನು ಬರೀ ಅಧಿಕಾರಿಗಳ ಆಯುಧವೆಂದು ತಿಳಿಯಬೇಡಿ. ಸ್ಯಾನ್‌ಫ್ರಾನ್ಸಿಸ್ಕೊದ ಜಾರ್ಜ್ ವಾಷಿಂಗ್ಟನ್ ಪ್ರೌಢಶಾಲೆಯಲ್ಲಿ ವಿಕ್ಟರ್ ಆರ್ನಾಟೋಫ್ 1936ರಲ್ಲಿ ಮುಗಿಸಿದ ಭಿತ್ತಿಚಿತ್ರಗಳಿವೆ. ವಾಷಿಂಗ್ಟನ್ನನ ಕಥೆಯೊಳಗೆ ಗುಲಾಮರನ್ನೂ ಸತ್ತುಬಿದ್ದ ಮೂಲನಿವಾಸಿಯನ್ನೂ ಬರೆದು ಅವನು ಅಂದಿನ ವೈಭವೀಕರಣವನ್ನು ಚುಚ್ಚಿದ್ದ. ದಿನಾ ಆ ಹೆಣ ನೋಡಬೇಕಾದ ಮಕ್ಕಳಿಗೆ ನೋವಾಗುತ್ತದೆಂದು 2019ರಲ್ಲಿ ಶಾಲಾ ಮಂಡಳಿ ಮೊದಲು ಬಣ್ಣ ಬಳಿಯಲು, ಆಮೇಲೆ ಮುಚ್ಚಲು ನಿರ್ಧರಿಸಿತು. ಎರಡು ವರ್ಷದ ಬಳಿಕ ನ್ಯಾಯಾಲಯ ಆ ನಿರ್ಧಾರವನ್ನು ರದ್ದು ಮಾಡಿದ್ದು ಕಲೆಯ ಬಗ್ಗೆ ಒಂದು ಅಭಿಪ್ರಾಯವನ್ನೂ ಹೇಳದೆ. ರಾಜ್ಯದ ಪರಿಸರ ಕಾನೂನು ಕೇಳುವ ಪರಿಶೀಲನೆಯನ್ನು ಮೊದಲು ಮಾಡಿಲ್ಲ ಎಂದಷ್ಟೇ ಹೇಳಿತು. 2022ರಲ್ಲಿ ಮಂಡಳಿ ಮುಚ್ಚುವ ನಿರ್ಧಾರವನ್ನೇ ಕೈಬಿಟ್ಟಿತು.

ಕೊನೆಯದಾಗಿ ಫೋಟೊಗಳು. ರಿವೇರಾನ ಸಹಾಯಕಿ ಲೂಸಿಯೆನ್ ಬ್ಲಾಕ್ ಕಾವಲುಗಾರರ ಕಣ್ಣುತಪ್ಪಿಸಿ ಕ್ಯಾಮೆರಾ ಒಳಗೊಯ್ದು ತೆಗೆದ ಚಿತ್ರಗಳು ಉಳಿದಿದ್ದವು. ರಿವೇರಾ 1934ರಲ್ಲೇ ಮೆಕ್ಸಿಕೊ ನಗರದ ಕಲಾಭವನದ ಗೋಡೆಯ ಮೇಲೆ ಆ ಚಿತ್ರವನ್ನು ಮತ್ತೆ ಬರೆದ, ಲೆನಿನ್ ಸಮೇತ. ಕೆಲಸದ ಪ್ರತಿ ಹಂತವನ್ನೂ ದಿನಾಂಕ ಸಹಿತ ಚಿತ್ರೀಕರಿಸುವ ಹಕ್ಕು, ಆ ಫೋಟೊಗಳನ್ನೂ ಅಚ್ಚುಗಳನ್ನೂ ಇಟ್ಟುಕೊಳ್ಳುವ ಹಕ್ಕು, ಬೇರೆ ಕಡೆ ಕೃತಿಯನ್ನು ಮತ್ತೆ ಮಾಡುವ ಹಕ್ಕು, ಇವು ಮೂರೂ ನಿಮ್ಮವೇ ಎಂದು ಕರಾರಿನಲ್ಲಿ ಬಿಡಿಬಿಡಿಯಾಗಿ ಬರೆಸಿ. ಇಲಾಖೆಗಳ ಸಿದ್ಧ ನಮೂನೆಯಲ್ಲಿ ‘ಸಮಸ್ತ ಹಕ್ಕುಗಳೂ ಇಲಾಖೆಗೆ ಸೇರತಕ್ಕದ್ದು’ ಎಂಬ ಸಾಲು ಹೆಚ್ಚಾಗಿ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಸಹಿ ಹಾಕುವ ಮೊದಲು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಇಬ್ಬರೂ ಕಿರುಸಹಿ ಮಾಡಿ.