ಹನ್ನೆರಡು ತಂತಿಗಳ ಎಳೆತವನ್ನು ಎಲ್ಲಿಗೆ ಹರಿಸಬೇಕು?

ಹನ್ನೆರಡು ತಂತಿಯ ಗಿಟಾರ್ ಮಾಡಿಕೊಡಿ ಎಂದು ಬರುವವರು ಮೊದಲು ಮರದ ಬಗ್ಗೆ ಕೇಳುತ್ತಾರೆ. ಬೀಟೆ ಒಳ್ಳೆಯದೋ, ಮಹಾಗನಿ ಒಳ್ಳೆಯದೋ? ನಾನು ಮೊದಲು ಕೇಳುವುದು ಬೇರೆಯೇ. ಯಾವ ಶ್ರುತಿಯಲ್ಲಿ ನುಡಿಸುತ್ತೀರಿ? ಇದಕ್ಕೆ ಉತ್ತರ ಸಿಗುವವರೆಗೆ ನಾನು ಮೇಲ್ಹಲಗೆಗೆ ಉಳಿ ತಾಗಿಸುವುದಿಲ್ಲ.

ಕಾರಣ ತಂತಿಗಳ ಎಳೆತ. ಆರು ತಂತಿಯ ಗಿಟಾರಿಗೆ ಲೈಟ್ ಸೆಟ್, ಅಂದರೆ ತೆಳು ತಂತಿಗಳ ಸೆಟ್, ಹಾಕಿ ಶ್ರುತಿ ಕೂಡಿಸಿದರೆ ಎಲ್ಲ ತಂತಿಗಳೂ ಸೇರಿ ಸುಮಾರು 70ರಿಂದ 75 ಕೆಜಿ ಎಳೆಯುತ್ತವೆ. ಹನ್ನೆರಡು ತಂತಿಯದ್ದರಲ್ಲಿ ಇದು 110 ಕೆಜಿ ಆಸುಪಾಸಿಗೆ ಹೋಗುತ್ತದೆ. ತಂತಿಗಳು ಸ್ವಲ್ಪ ಸಣ್ಣವು, ಹಾಗಾಗಿ ಎರಡು ಪಟ್ಟು ಆಗುವುದಿಲ್ಲ. ಆದರೂ ಒಂದೂವರೆ ಪಟ್ಟು. ಇದನ್ನು ಹಗಲು ರಾತ್ರಿ, ವರ್ಷಗಟ್ಟಲೆ ಹೊರಬೇಕಾದ ಸ್ಪ್ರೂಸ್ ಹಲಗೆಯ ದಪ್ಪ 3 ಮಿಲಿಮೀಟರ್ ಕೂಡ ಇರುವುದಿಲ್ಲ.

ಶ್ರುತಿಯನ್ನು ಒಂದು ಪೂರ್ತಿ ಸ್ವರ ಇಳಿಸಿದರೆ, ಅಂದರೆ ‘ಈ’ (E) ಸ್ವರದ ಬದಲು ‘ಡಿ’ (D) ಸ್ವರಕ್ಕೆ ತಂದರೆ, ಅದೇ ತಂತಿಗಳ ಎಳೆತ ಸುಮಾರು 20 ಶೇಕಡಾ ಕಡಿಮೆಯಾಗುತ್ತದೆ. ಅರ್ಧ ಸ್ವರ ಇಳಿಸಿದರೆ 11 ಶೇಕಡಾ. ಮೂಲ ಶ್ರುತಿ ಬೇಕಾದಾಗ ಎರಡನೇ ಫ್ರೆಟ್ಟಿಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕ್ಯಾಪೋ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್, ಹಾಕಿದರಾಯಿತು. ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಗಿಟಾರಿನ ಆಯಸ್ಸು ಹೆಚ್ಚುತ್ತದೆ ಎನ್ನುವುದು ಒಂದು ಕಾರಣ. ಒಳಗಿನ ಕಟ್ಟನ್ನು ಹಗುರ ಮಾಡಬಹುದು, ದನಿ ತೆರೆದುಕೊಳ್ಳುತ್ತದೆ ಎನ್ನುವುದು ಇನ್ನೂ ದೊಡ್ಡ ಕಾರಣ. ಅಮೆರಿಕದ ಜಾನಪದ-ಬ್ಲೂಸ್ ಗಾಯಕ ಲೆಡ್ ಬೆಲ್ಲಿ ನುಡಿಸುತ್ತಿದ್ದ ಹನ್ನೆರಡು ತಂತಿಯ ಸ್ಟೆಲ್ಲಾ ಗಿಟಾರ್ ನೆನಪಿಸಿಕೊಳ್ಳಿ. ಅವರು ದಪ್ಪ ತಂತಿ ಹಾಕಿ ಶ್ರುತಿಯನ್ನು ತುಂಬಾ ಕೆಳಗಿಳಿಸುತ್ತಿದ್ದರು. ಆ ಗುಡುಗಿನಂಥ ಮಂದ್ರದ ಹಿಂದೆ ಇಳಿಸಿದ ಶ್ರುತಿಯ ಪಾಲು ದೊಡ್ಡದು.

ಇಷ್ಟು ಎಳೆತ ಅಂದ ಕೂಡಲೇ ಎಲ್ಲವನ್ನೂ ದಪ್ಪ ಮಾಡಿಬಿಡೋಣ ಅನ್ನಿಸುತ್ತದೆ, ಅಲ್ವಾ? ಹಲಗೆ ದಪ್ಪ, ಬ್ರೇಸ್ ದಪ್ಪ, ನೆಕ್ ದಪ್ಪ. ಹಾಗೆ ಮಾಡಿದ ಗಿಟಾರ್ ಬಾಗುವುದಿಲ್ಲ, ನಿಜ. ನುಡಿಯುವುದೂ ಇಲ್ಲ. ಸಣ್ಣ ತಂತಿಗಳ ಕಿಣಿಕಿಣಿ ಮಾತ್ರ ಹೊರಬರುತ್ತದೆ, ಕೆಳಗಿನ ಸ್ವರಗಳಿಗೆ ತುಂಬು ಇರುವುದಿಲ್ಲ. ರಿಪೇರಿಗೆ ನನ್ನ ಮೇಜಿಗೆ ಬರುವ ಎಷ್ಟೋ ಹನ್ನೆರಡು ತಂತಿಯ ಗಿಟಾರುಗಳು ಹೀಗೆ ಹೆದರಿಕೆಯಿಂದ ಕಟ್ಟಿದವು. ನೋಡಿದರೆ ಬೇಸರವಾಗುತ್ತದೆ. ಒಳ್ಳೆಯ ಮರ ಮೂಗನಾಗಿ ಕೂತಿರುತ್ತದೆ.

ಬಲ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸುವುದೇ ಈ ಕೆಲಸದ ತಿರುಳು. ಬ್ರೇಸ್ ಅಂದರೆ ಹಲಗೆಯ ಒಳಮೈಗೆ ಅಂಟಿಸುವ ಮರದ ಪಟ್ಟಿ. ಅದರ ಅಗಲ 20 ಶೇಕಡಾ ಹೆಚ್ಚಿಸಿದರೆ ಗಡಸುತನವೂ 20 ಶೇಕಡಾ ಹೆಚ್ಚುತ್ತದೆ. ಎತ್ತರವನ್ನು ಅಷ್ಟೇ ಹೆಚ್ಚಿಸಿ, 10 ಮಿಲಿಮೀಟರ್ ಇದ್ದದ್ದನ್ನು 12 ಮಾಡಿ, ಗಡಸುತನ 70 ಶೇಕಡಾಕ್ಕೂ ಜಾಸ್ತಿಯಾಗುತ್ತದೆ. ತೂಕ ಎರಡರಲ್ಲೂ ಒಂದೇ. ಹಾಗಾಗಿ ನನ್ನ ಬ್ರೇಸುಗಳು ಅಗಲ ಕಡಿಮೆ, ಎತ್ತರ ಜಾಸ್ತಿ. ಎಕ್ಸ್ ಆಕಾರದ ಎರಡು ಮುಖ್ಯ ಬ್ರೇಸುಗಳು ಕೂಡುವ ಜಾಗದಿಂದ ಬ್ರಿಡ್ಜಿನ (ತಂತಿಗಳನ್ನು ಮೇಲ್ಹಲಗೆಗೆ ಕಟ್ಟುವ ಮರದ ತುಂಡು) ರೆಕ್ಕೆಗಳವರೆಗೆ ಎತ್ತರ ಪೂರ್ತಿ ಉಳಿಯುತ್ತದೆ. ಅಲ್ಲಿಂದ ಅಂಚಿಗೆ ಹೋಗುತ್ತಾ ಕೆತ್ತಿ ಇಳಿಸುತ್ತೇನೆ. ಅಂಚು ಸಡಿಲವಾಗಿ ಅಲುಗಾಡಿದರೇ ಹಲಗೆ ಗಾಳಿಯನ್ನು ತಳ್ಳುವುದು.

ಒಂದು ಕಡೆ ಮಾತ್ರ ನಾನು ಜಿಪುಣತನ ಮಾಡುವುದಿಲ್ಲ. ಸೌಂಡ್‌ಹೋಲ್ (ಮೇಲ್ಹಲಗೆಯ ದುಂಡು ತೂತು) ಮತ್ತು ನೆಕ್ ಬುಡದ ನಡುವೆ ಅಡ್ಡಲಾಗಿ ಕೂರುವ ಬ್ರೇಸ್. ತಂತಿಗಳು ನೆಕ್ ಅನ್ನು ಮುಂದಕ್ಕೆ ಮಡಚಲು ನೋಡುತ್ತವೆ. ಆಗ ನೆಕ್ ಬುಡದ ಮರದ ತುಂಡು ಹೊರಳಿ, ಮೇಲ್ಹಲಗೆಯನ್ನು ಸೌಂಡ್‌ಹೋಲ್ ಕಡೆಗೆ ನೂಕುತ್ತದೆ. ಈ ಭಾಗ ಕುಸಿದರೆ ತಂತಿಗಳು ಫ್ರೆಟ್ಟಿನಿಂದ ಮೇಲೇರಿ, ನುಡಿಸಲಾಗದಷ್ಟು ದೂರವಾಗುತ್ತವೆ. ದನಿಗೆ ಈ ಜಾಗದ ಕೊಡುಗೆ ಕಡಿಮೆ. ಇಲ್ಲಿ ಧಾರಾಳವಾಗಿ ಮರ ಬಿಡಬಹುದು.

ನೆಕ್ ಒಳಗೆ ಎರಡೂ ಕಡೆ ತಿರುಗುವ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸುವ ಲೋಹದ ಸರಳು), ಅದರ ಅಕ್ಕಪಕ್ಕ ಕಾರ್ಬನ್ ಫೈಬರಿನ ಎರಡು ಕಡ್ಡಿ. ಇವಿದ್ದರೆ ನೆಕ್ ಅನ್ನು ಒನಕೆಯಂತೆ ದಪ್ಪ ಮಾಡುವ ಅಗತ್ಯವಿಲ್ಲ. ನೆಕ್ ಅನ್ನು ದೇಹಕ್ಕೆ ಬೋಲ್ಟಿನಲ್ಲಿ ಕೂಡಿಸುವುದು ನನ್ನ ಆಯ್ಕೆ. ಎಷ್ಟೇ ಚೆನ್ನಾಗಿ ಕಟ್ಟಿದರೂ ಹನ್ನೆರಡು ತಂತಿಯ ಗಿಟಾರಿನ ನೆಕ್ ಕೋನವನ್ನು ಮುಂದೊಂದು ದಿನ ಸರಿಪಡಿಸಬೇಕಾಗಿ ಬರಬಹುದು. ಅವತ್ತು ಬಿಚ್ಚುವವರಿಗೆ ಸುಲಭವಾಗಲಿ.

ಇನ್ನು ಬ್ರಿಡ್ಜ್. ತಂತಿಗಳು ಅದನ್ನು ಮುಂದಕ್ಕೆ ಎಳೆಯುವುದರ ಜೊತೆಗೆ ಉರುಳಿಸಲೂ ನೋಡುತ್ತವೆ. ಹಲಗೆಯಿಂದ ತಂತಿ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಉರುಳಿಸುವ ಬಲ ಹೆಚ್ಚು. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಹತ್ತಿರ 13 ಮಿಲಿಮೀಟರ್ ಇದ್ದದ್ದನ್ನು 11ಕ್ಕೆ ತಂದರೆ ಆ ಬಲ 15 ಶೇಕಡಾ ಇಳಿಯುತ್ತದೆ. ಇದಕ್ಕೆ ಒಂದು ಗ್ರಾಂ ಮರವೂ ಬೇಕಿಲ್ಲ, ನೆಕ್ ಕೋನವನ್ನು ಮೊದಲೇ ಲೆಕ್ಕ ಹಾಕಿ ಕೂರಿಸಿದರೆ ಸಾಕು. ತೀರಾ ತಗ್ಗಿಸಿದರೆ ತಂತಿ ಸ್ಯಾಡಲ್ ಮೇಲೆ ಒತ್ತಿ ಕೂರುವುದಿಲ್ಲ, ದನಿ ಸೊರಗುತ್ತದೆ.

ತಂತಿಯ ತುದಿಯನ್ನು ಬ್ರಿಡ್ಜಿನಲ್ಲಿ ಹಿಡಿದಿಡುವ ಹನ್ನೆರಡು ಪಿನ್ನುಗಳ ತೂತುಗಳನ್ನು ಒಂದೇ ಸಾಲಿನಲ್ಲಿ ಕೊರೆಯಬೇಡಿ. ಬ್ರಿಡ್ಜಿನ ಮರದ ಎಳೆಗಳು ಅದರ ಉದ್ದಕ್ಕೇ ಓಡುತ್ತವೆ. ಅದೇ ಗೆರೆಯಲ್ಲಿ ಹನ್ನೆರಡು ತೂತು ಬಿದ್ದರೆ ಅಂಚೆಚೀಟಿ ಹಾಳೆಯ ತೂತುಗಳಂತೆ ಸೀಳಲು ದಾರಿ ಸಿದ್ಧವಾಗುತ್ತದೆ. ಹಿಂದೆ ಮುಂದೆ ಎರಡು ಸಾಲು ಮಾಡಬೇಕು. ಹಲಗೆಯ ಒಳಮೈಯಲ್ಲಿ ಬ್ರಿಡ್ಜಿನ ಅಡಿಗೆ ಬರುವ ಬ್ರಿಡ್ಜ್ ಪ್ಲೇಟ್ ಮೇಪಲ್‌ನಂಥ ಗಟ್ಟಿ ಮರದ್ದಾಗಿರಲಿ. ಅಂಟಿಸುವ ಮೊದಲು ಬ್ರಿಡ್ಜಿನ ಅಡಿ ಬೀಳುವ ಪಾಲಿಶ್ ಅನ್ನು ಅಂಚಿನವರೆಗೂ ಕೆರೆದು ತೆಗೆಯಿರಿ. ಅಂಟು ಹಿಡಿಯಬೇಕಾದದ್ದು ಮರವನ್ನು, ಪಾಲಿಶ್ ಅನ್ನಲ್ಲ. ಕೋಣೆಯ ಗಾಳಿಯ ತೇವ 40ರಿಂದ 50 ಶೇಕಡಾ ಇರುವಾಗಲೇ ಹಲಗೆಯ ಅಂಟು ಕೆಲಸ ಮಾಡಿ.

ಹನ್ನೆರಡು ತಂತಿಗಳು ಎರಡೆರಡಾಗಿ ಆರು ಜೋಡಿ. ಈ ಜೋಡಿಗಳ ಸೂಕ್ಷ್ಮ ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಮತ್ತು ಸ್ಯಾಡಲ್‌ನಲ್ಲಿದೆ. ಆರು ಜೋಡಿಗಳಲ್ಲಿ ಕೆಳಗಿನ ಸ್ವರದ ನಾಲ್ಕಕ್ಕೆ, ಅಂದರೆ ‘ಈ’, ‘ಎ’, ‘ಡಿ’, ‘ಜಿ’ಗೆ, ಒಂದು ಸ್ಥಾಯಿ ಮೇಲಿನ ತಂತಿ ಜೊತೆಗಿರುತ್ತದೆ. ಮೇಲಿನ ‘ಬಿ’ ಮತ್ತು ‘ಈ’ ಜೋಡಿಗಳಲ್ಲಿ ಎರಡೂ ಒಂದೇ ಸ್ವರ. ಗಿಟಾರಿನ ಅತಿ ಎತ್ತರದ ಸ್ವರ ಮೊದಲ ತಂತಿಯದ್ದಲ್ಲ. ಅದು ಸುಮಾರು 330 ಹರ್ಟ್ಸ್. ಜಿ ಜೋಡಿಯ ಸಣ್ಣ ತಂತಿ 392 ಹರ್ಟ್ಸ್. ಕೇವಲ 0.2 ಮಿಲಿಮೀಟರ್ ದಪ್ಪದ ಈ ತಂತಿಯೇ ಸಾಮಾನ್ಯವಾಗಿ ಮೊದಲು ಹರಿಯುವುದು. ನಟ್ ಮೇಲೆ ಇದು ಕೂರುವ ಕಚ್ಚಿನಲ್ಲಿ ಒಂದು ಚೂರು ಒರಟು ಇದ್ದರೂ ತಂತಿ ಉಳಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನಯಮಾಡುವ ಕಚ್ಚು ಇದು.

ಆರು ತಂತಿಯ ಗಿಟಾರಿನ ನಟ್ 43ರಿಂದ 45 ಮಿಲಿಮೀಟರ್ ಇದ್ದರೆ, ಇದಕ್ಕೆ 47ರಿಂದ 48 ಇಡುತ್ತೇನೆ. ಜೋಡಿಯ ಒಳಗೆ 2 ಮಿಲಿಮೀಟರ್ ಆಸುಪಾಸು ಸಂದು. ಇದನ್ನು ತಂತಿಗಳ ನಡುಗೆರೆಯಿಂದ ಅಳೆಯಬಾರದು, ಅಂಚಿನಿಂದ ಅಂಚಿಗೆ ಅಳೆಯಬೇಕು. ಇಲ್ಲದಿದ್ದರೆ ದಪ್ಪನೆಯ ‘ಈ’ (E) ತಂತಿ ತನ್ನ ಜೋಡಿಗೆ ಬಡಿಯುತ್ತದೆ.

ಸ್ಯಾಡಲ್‌ನಲ್ಲಿ ಇನ್ನೊಂದು ಪೇಚು. ಸುತ್ತು ತಂತಿಗೆ (ಮೇಲೆ ಸಣ್ಣ ತಂತಿ ಸುತ್ತಿದ ದಪ್ಪ ತಂತಿ) ಉದ್ದ ಸ್ವಲ್ಪ ಜಾಸ್ತಿ ಬೇಕು, ಜೊತೆಯ ಸಣ್ಣ ತಂತಿಗೆ ಕಡಿಮೆ ಸಾಕು. ಎರಡಕ್ಕೂ ಒಂದೇ ಗೆರೆ ಕೊಟ್ಟರೆ ತೆರೆದ ತಂತಿಯಲ್ಲಿ ಕೂಡಿದ ಶ್ರುತಿ ಹನ್ನೆರಡನೇ ಫ್ರೆಟ್ಟಿನಲ್ಲಿ ಬೇರೆಯಾಗುತ್ತದೆ. 3 ಮಿಲಿಮೀಟರ್ ಸ್ಯಾಡಲ್ ಬದಲು 5 ಮಿಲಿಮೀಟರಿನದ್ದು ಹಾಕಿದರೆ ಒಂದೊಂದು ತಂತಿಗೂ ಬೇರೆ ಅಂಚು ಅರೆಯಲು ಜಾಗ ಸಿಗುತ್ತದೆ. ತಾಳ್ಮೆಯ ಕೆಲಸ ಇದು, ಆದರೆ ಬಿಡಬಾರದು. ಜೋಡಿ ತಂತಿಗಳ ನಡುವೆ ಕೂದಲೆಳೆಯ ವ್ಯತ್ಯಾಸವಿದ್ದಾಗ ಸ್ವರ ಮಿನುಗುತ್ತದೆ. ಅದಕ್ಕಿಂತ ಹೆಚ್ಚಾದರೆ ಅಪಸ್ವರ.

ತಂತಿ ಕಟ್ಟುವ ಮೊದಲು ಬ್ರಿಡ್ಜ್ ಮೇಲೆ ಕೋನ ಅಳೆಯುವ ಸಾಧನ ಇಟ್ಟು ಬರೆದುಕೊಳ್ಳುತ್ತೇನೆ. ಶ್ರುತಿಗೆ ತಂದು ಕೆಲವು ದಿನ ಬಿಟ್ಟು ಮತ್ತೆ ಅಳೆಯುತ್ತೇನೆ. ಬ್ರಿಡ್ಜ್ ಸ್ವಲ್ಪವೂ ವಾಲದಿದ್ದರೆ ಒಳಗೆ ಮರ ಜಾಸ್ತಿಯಾಗಿದೆ ಎಂದರ್ಥ. 2 ಡಿಗ್ರಿ ದಾಟಿದರೆ ನನಗೆ ಸಮಾಧಾನವಿಲ್ಲ. ಅಂಟಿಸಿದ ಬ್ರೇಸಿಗೆ ಆಮೇಲೆ ಮರ ಸೇರಿಸುವುದು ಕಷ್ಟ, ತೆಗೆಯುವುದು ಸುಲಭ. ಅದಕ್ಕೇ ಮೊದಲು ತುಸು ಗಡಸಾಗಿಯೇ ಕಟ್ಟಿರುತ್ತೇನೆ. ಆಮೇಲೆ ತಂತಿ ಸಡಿಲಿಸಿ, ಸೌಂಡ್‌ಹೋಲ್ ಒಳಗೆ ಕೈ ಹಾಕಿ, ಬ್ರೇಸಿನ ತುದಿಗಳನ್ನು ಚೂರು ಚೂರೇ ಕೆರೆದು, ಮತ್ತೆ ತಂತಿ ಬಿಗಿದು ಕೇಳುತ್ತೇನೆ. ಎ ಜೋಡಿಯನ್ನು ಮೀಟಿದಾಗ ಕೆಳಗಿನ ಸ್ವರ ತನ್ನ ಸಣ್ಣ ಜೊತೆಗಾರನಷ್ಟೇ ಹೊತ್ತು ನಿಲ್ಲುತ್ತದೆ ಅನ್ನಿಸಿದರೆ ಕೆರೆಯುವುದನ್ನು ನಿಲ್ಲಿಸುತ್ತೇನೆ.